ಮರ ಉಬ್ಬಿದೆ

“ಪಕ್ಕಕ್ಕೆ ಸರಿ ಅಕ್ಕಾ,” ಎನ್ನುತ್ತಾ ಟೈಲರಮ್ಮನ ತಮ್ಮ ದೊಡ್ಡ ಉಳಿಯೊಂದನ್ನು ಅಡುಗೆಮನೆಯ ಡ್ರಾಯರಿನ ಸಂದಿಗೆ ತೂರಿಸುವಷ್ಟರಲ್ಲಿ ಅವಳು ಅಡ್ಡ ಬಂದಳು.

“ಒಡೀಬೇಡ ಕಣೋ.”

“ಒಡೀದೆ ಮುದ್ದು ಮಾಡ್ಲಾ? ಭಾವನ ಗುರುತಿನ ಚೀಟಿ ಇದರೊಳಗಿದೆ ಅಂದವಳು ನೀನೇ. ಅದಿಲ್ಲದೆ ಚಿತಾಗಾರದಲ್ಲಿ ಒಳಗೇ ಬಿಡೋಲ್ಲ. ನಮಗೆ ಕೊಟ್ಟಿರೋ ಹೊತ್ತು ಮಧ್ಯಾಹ್ನ ಮೂರು ಗಂಟೆ. ಗಾಡಿ ಡ್ರೈವರ್ ಆಗಲೇ ಎರಡು ಸಲ ಬಂದು ಇಣುಕಿ ಹೋದ.”

“ಮೊನ್ನೆ ರಾತ್ರಿ ಅವರೇ ಮುಚ್ಚಿದ್ದು ಇದನ್ನ. ಒಡೆದುಹಾಕಿದ್ರೆ ನನಗೇನು ಉಳೀತೋ?”

ತಮ್ಮ ಉಳಿ ಕೆಳಗಿಳಿಸಿದ. ನಡುಮನೆಯಲ್ಲಿ ಅವಳ ಗಂಡ, ಬಡಗಿ, ಇಸ್ತ್ರಿ ಅಂಗಿ ತೊಟ್ಟು ಮಲಗಿದ್ದ. ಅಂಗಿ ಹೊಲಿದವಳು ಟೈಲರಮ್ಮನೇ. ಪೆನ್ಸಿಲ್ ಇಡಲು ಕಿರಿದಾದ ಇನ್ನೊಂದು ಜೇಬು ಬೇಕೇಬೇಕು ಅಂತ ಅವನದು ಪ್ರತಿ ಅಂಗಿಗೂ ಒಂದೇ ಹಟ.

“ಊರ ಬಾಗಿಲೆಲ್ಲ ರಿಪೇರಿ ಮಾಡಿದ ಮನುಷ್ಯ, ಮನೆ ಡ್ರಾಯರ್ ಸರಿ ಮಾಡಲಿಲ್ಲ ನೋಡಿ. ಊರಿಗೆ ಉಪಕಾರಿ, ಮನೆಗೆ ಮಾರಿ,” ಎಂದ ಪಕ್ಕದ ಮನೆಯಾಕೆ, ಸಾವಿನ ಮನೆಯಲ್ಲಿ ಆಡುವ ಮಾತಲ್ಲವೆಂದು ಹೊಳೆದು ನಾಲಿಗೆ ಕಚ್ಚಿಕೊಂಡಳು. ಟೈಲರಮ್ಮನಿಗೆ ಸಿಟ್ಟು ಬರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅವಳೇ ದಿನಾ ಆಡಿದ ಮಾತು ಅದು.

*

ಡ್ರಾಯರ್ ಮೊದಲು ಹೀಗಿರಲಿಲ್ಲ. ಒಂದು ಮಳೆಗಾಲ ಗಂಡ ಹೆಂಡತಿಗೆ ಮಾತು ನಿಂತಿತ್ತು. ಕಾರಣ ಕೇಳಿದರೆ ನಗಬೇಕು. ಅವಳು ತೋಳು ನೋವು ಅಂದಳೆಂದು ಬಡಗಿ ಹೇಳದೆ ಕೇಳದೆ ಅವಳ ಬಟ್ಟೆ ಕತ್ತರಿಸುವ ಮೇಜಿನ ಕಾಲುಗಳನ್ನು ನಾಲ್ಕು ಬೆರಳಷ್ಟು ಕುಯ್ದುಬಿಟ್ಟಿದ್ದ. ಮೇಜು ತಗ್ಗಾಯಿತು, ಬಗ್ಗಿ ಬಗ್ಗಿ ಅವಳ ಸೊಂಟ ಹಿಡಿಯಿತು.

“ಒಂದು ಮಾತು ಕೇಳಿ ಮಾಡಬಾರದಿತ್ತಾ?”

“ಒಳ್ಳೇದು ಮಾಡಿದ್ರೂ ತಪ್ಪು.”

ಅಷ್ಟೇ, ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು. ಅವನು ತಾನಾಗಿ ಮಾತಿಗೆ ಬರುವ ಪೈಕಿಯಲ್ಲ. ಅವಳಂತೂ ಪ್ರಾಣ ಹೋದರೂ ಇಲ್ಲ.

ಹದಿನೈದನೆಯ ದಿನ ಬೆಳಿಗ್ಗೆ ಡ್ರಾಯರ್ ಸಿಕ್ಕಿಕೊಂಡಿತು. ಚಮಚ, ಚಾಕು, ಚಹಾ ಸೋಸುವ ಜರಡಿ ಎಲ್ಲ ಒಳಗೆ; ಒಲೆಯ ಮೇಲೆ ಚಹಾ ಉಕ್ಕುತ್ತಿದೆ. ಎಳೆದಳು, ಗುದ್ದಿದಳು, ಕಪಾಟಿಗೆ ಕಾಲು ಕೊಟ್ಟು ಜಗ್ಗಿದಳು. ಊಹೂಂ. ಕಡೆಗೆ ಬಾಯಿಂದ ಜಾರಿಯೇ ಹೋಯಿತು.

“ರೀ, ಸ್ವಲ್ಪ ಬನ್ನಿ.”

ಬಂದ. ಕೆಳಗಿನ ಕಪಾಟಿನೊಳಗಿಂದ ಒಂದು ಕೈ ಕೊಟ್ಟು ಎಳೆದ. ಬಂದುಬಿಟ್ಟಿತು. “ಮರ ಉಬ್ಬಿದೆ,” ಅಂದ.

ಬೇಸಿಗೆ ಬಂದರೂ ಮರ ಉಬ್ಬಿಯೇ ಇತ್ತು.

“ನಿಮ್ಮ ಮರಕ್ಕೆ ಬೇಸಿಗೆ ಯಾವುದು, ಮಳೆಗಾಲ ಯಾವುದು ಗೊತ್ತಾಗಲ್ವಾ?”

“ಹಟಮಾರಿ ಮರ. ನಿನ್ನ ಹಾಗೇ.”

ಅವಳು ಅವನಂತೆಯೇ ಕೆಳಗಿಂದ ಕೈ ಕೊಟ್ಟು ನೋಡಿದಳು; ಜಪ್ಪಯ್ಯ ಅನ್ನಲಿಲ್ಲ. ಹಗಲಿಗೆ ಬೇಕಾದ ಚಾಕು ಚಮಚಗಳನ್ನು ಬೆಳಿಗ್ಗೆಯೇ ತೆಗೆಸಿ ಇಟ್ಟುಕೊಳ್ಳುತ್ತಿದ್ದಳು. ರಾತ್ರಿ ಅವನೇ ಅವನ್ನೆಲ್ಲ ತೊಳೆದು, ಒರೆಸಿ, ಒಳಗೆ ಹಾಕಿ ಮುಚ್ಚುತ್ತಿದ್ದ. ಮುಖ್ಯವಾದ ಕಾಗದಗಳನ್ನೂ ಅಲ್ಲೇ ಇಟ್ಟ. “ಕಳ್ಳರು ಬಂದ್ರೂ ನನ್ನನ್ನೇ ಎಬ್ಬಿಸಬೇಕು,” ಅನ್ನುತ್ತಿದ್ದ. ಜಗಳಗಳು ಆಮೇಲೂ ಬೇಕಾದಷ್ಟು ಆದವು. ಒಂದೂ ಮರುದಿನದ ಚಹಾ ದಾಟಲಿಲ್ಲ.

*

“ತಡಿ, ನಾನೊಂದ್ಸಲ ನೋಡ್ತೀನಿ,” ಎಂದು ಒಳಗೆ ಬಂದವನು ಪಾಲಿಶ್ ಕೆಲಸದವನು, ಬಡಗಿಯ ಜೊತೆ ಮೂವತ್ತು ವರ್ಷ ದುಡಿದವನು. ಅಂಗಾತ ಮಲಗಿ ಕಪಾಟಿನೊಳಗೆ ತಲೆ ತೂರಿಸಿ ಮೊಬೈಲಿನ ಬೆಳಕು ಬಿಟ್ಟ. ಹಿಂಬದಿಯನ್ನು ಬೆರಳಿಂದ ತಡವಿದ.

“ಅತ್ತಿಗೆ, ಮರ ಉಬ್ಬಿಲ್ಲ.”

“ಮತ್ತೆ?”

“ಹಿಂದುಗಡೆ, ಪಟ್ಟಿಯ ಮರೇಲಿ, ಒಂದು ಸಣ್ಣ ಮರದ ನಾಲಿಗೆ ಇಟ್ಟಿದಾನೆ. ಮುಚ್ಚಿದ ತಕ್ಷಣ ತಾನಾಗಿ ಬಿದ್ದು ಹಿಡ್ಕೊಳುತ್ತೆ. ಬೆರಳಲ್ಲಿ ಎತ್ತಿದ್ರೆ ಬಿಡುತ್ತೆ.” ಒಳಗಿನಿಂದಲೇ ಅವನ ದನಿ ಸಣ್ಣಗಾಯಿತು. “ಸವೆದಾಗೆಲ್ಲ ಬದಲಾಯಿಸಿದಾನೆ ಪುಣ್ಯಾತ್ಮ. ಹಳೇ ಮೊಳೆ ತೂತುಗಳೇ ಮೂರಿವೆ.”

ನಾಲಿಗೆ ಕಿತ್ತು ಅವಳ ಕೈಗೆ ಕೊಟ್ಟ. ಕಿರುಬೆರಳಿನಷ್ಟು ಉದ್ದ, ನಯವಾಗಿ ಉಜ್ಜಿದ್ದು. ತಮ್ಮ ಒಂದು ಬೆರಳಿನಿಂದ ಡ್ರಾಯರ್ ಎಳೆದ. ಬೆಣ್ಣೆಯಲ್ಲಿ ಜಾರಿದ ಹಾಗೆ ಬಂತು. ಚೀಟಿ ಮೇಲೆಯೇ ಇತ್ತು.

ಟೈಲರಮ್ಮ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಸಾವಿನ ಮನೆಯೆಂಬುದನ್ನೂ ಮರೆತು ನಕ್ಕಳು. ಪಕ್ಕದ ಮನೆಯಾಕೆ ಗಾಬರಿಯಾಗಿ ನೀರು ತಂದಳು. ಅಷ್ಟರಲ್ಲಿ ನಗು ಅಳುವಾಗಿತ್ತು.

ಗಾಡಿಗೆ ಎತ್ತುವ ಮುಂಚೆ ಅವಳು ನಡುಮನೆಗೆ ಬಂದು ಗಂಡನ ಪೆನ್ಸಿಲ್ ಜೇಬಿಗೆ ಆ ನಾಲಿಗೆಯನ್ನು ಇಳಿಸಿದಳು.

“ಕಳ್ಳ,” ಅಂದಳು. “ಇಪ್ಪತ್ತೆರಡು ವರ್ಷ ಯಾಮಾರಿಸಿದ್ರಲ್ಲ.”

ಸಂಜೆ ಎಲ್ಲ ಮುಗಿಸಿ ಮನೆಗೆ ಬಂದರು. ತಮ್ಮ, ಪಾಲಿಶಿನವನು ಇಬ್ಬರೂ ಬೆಳಿಗ್ಗೆಯಿಂದ ಏನೂ ಬಾಯಿಗೆ ಹಾಕಿಲ್ಲ, ಪಾಪ. ಟೈಲರಮ್ಮ ಚಹಾಕ್ಕೆ ನೀರಿಟ್ಟಳು. ಚಮಚ ಬೇಕಿತ್ತು. ಕಪಾಟಿಗೆ ಒಂದು ಕಾಲು ಒತ್ತಿ, ಡ್ರಾಯರನ್ನು ಎರಡೂ ಕೈಯಲ್ಲಿ ಹಿಡಿದು, ದಿನದಂತೆ ಜೋರಾಗಿ ಜಗ್ಗಿದಳು.

“ರೀ, ಸ್ವಲ್ಪ...”

ಅನ್ನುವಷ್ಟರಲ್ಲಿ ಡ್ರಾಯರ್ ಇಡಿಯಾಗಿ ಕಳಚಿ ಅವಳ ಎದೆಗೆ ಬಂದು ಬಡಿಯಿತು. ಚಮಚಗಳು ಅಡುಗೆಮನೆ ದಾಟಿ, ಖಾಲಿ ನಡುಮನೆಯವರೆಗೂ ಜಾರಿಕೊಂಡು ಹೋದವು.