ಬಗ್ಗಿ ದಾಟುವ ರಸ್ತೆ

ಹಂದಿ, ನಾಲ್ಕೂ ಕಾಲು ಮೇಲೆ, ಬಿದಿರ ಬುಟ್ಟಿಯಲ್ಲಿ ಅಂಗಾತ ಮಲಗಿ ಬೈಕಿನ ಹಿಂದೆ ಸವಾರಿ ಹೊರಟಿದೆ, ಹೋಗುತ್ತಾ ಬುವಾಕೇವಳನ್ನೇ ನೋಡಿತು, ನೀನಿನ್ನೂ ಇಲ್ಲೇ ನಿಂತಿದ್ದೀಯಾ ಎನ್ನುವ ಹಾಗೆ, ಅದರ ಹಿಂದೆ ಒಬ್ಬ ಬೆನ್ನಿಗೊಂದು ಬೀರು ಕಟ್ಟಿಕೊಂಡು ಬಂದ, ಬೀರುವಿನ ಬಾಗಿಲು ಪಟಪಟ ಬಡಿದುಕೊಳ್ಳುತ್ತಿದೆ, ಆಮೇಲೆ ಗಂಡನ ಬೆನ್ನಿಗೆ ಕೆನ್ನೆ ಆನಿಸಿ ನಿದ್ದೆ ಹೊಡೆಯುತ್ತಿರುವ ಒಬ್ಬ ಹೆಂಗಸು, ಈ ಗದ್ದಲದಲ್ಲಿ ನಿದ್ದೆ! — ಬೇರೆ ದಿನವಾಗಿದ್ದರೆ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದಳು, ಊರಿಗೆ ಹೋಗಿ ಎಲ್ಲರಿಗೂ ಹೇಳಿ ನಗಿಸುತ್ತಿದ್ದಳು, ಇವತ್ತು ಕಣ್ಣೆಲ್ಲ ಜೆರಾಕ್ಸ್ ಅಂಗಡಿಯ ಗಡಿಯಾರದ ಮೇಲೆ, ಒಂಬತ್ತೂ ನಲವತ್ತು, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ತಂಗಿ ಚಾನ್ಸಮೋನಳ ಪಾಸ್‌ಪೋರ್ಟು, ಅದರ ಮೂರು ಜೆರಾಕ್ಸು, ಹತ್ತು ಗಂಟೆಯೊಳಗೆ ತಂದ್ಕೊಡಿ, ಇಲ್ದಿದ್ರೆ ಆಪರೇಷನ್ ಮುಂದಿನವರಿಗೆ ಹೋಗತ್ತೆ, ನಿಮ್ಮ ಪಾಳಿ ಇನ್ನೆರಡು ವಾರಕ್ಕೆ, ನರ್ಸ್ ಹೇಳಿದ್ದು ಅಷ್ಟೇ, ಎರಡು ವಾರ ತಂಗಿಯ ಹೃದಯ ತಡೆಯುವುದಿಲ್ಲ ಎಂದು ಡಾಕ್ಟರು ನಿನ್ನೆಯೇ ಹೇಳಿಯಾಗಿತ್ತು. ಆಸ್ಪತ್ರೆ ಎದುರಿಗೇ ಇದೆ, ಹಳದಿ ಗೋಡೆ, ಕಬ್ಬಿಣದ ಗೇಟು, ಹೆಚ್ಚೆಂದರೆ ಮೂವತ್ತು ಹೆಜ್ಜೆ, ಗಡಿಯಾಚೆಯ ತಮ್ಮೂರು ಸಾಮ್ ನ್ಯುವಾದಿಂದ ಹನೋಯ್‌ಗೆ ಬೆಟ್ಟದ ಅಂಚಿನಲ್ಲಿ ಎರಡು ದಿನ ಬಸ್ಸಿನಲ್ಲಿ ಕೂತು ಬಂದಾಗಲೂ ಇಷ್ಟು ಹೆದರಿರಲಿಲ್ಲ. ರಸ್ತೆಯ ಈಚೆಗೆ ಬರುವಾಗ ಪಕ್ಕದ ಹಾಸಿಗೆಯವರ ಮಗಳು ಕೈ ಹಿಡಿದು ದಾಟಿಸಿದ್ದಳು, ನಿಲ್ಬೇಡಿ, ಓಡ್ಬೇಡಿ, ಹಿಂದಕ್ಕೆ ಮಾತ್ರ ಕಾಲಿಡಲೇಬೇಡಿ, ಒಂದೇ ಸಮ ನಡೀತಾ ಇರಿ, ಅವರೇ ಬಳಸಿಕೊಂಡು ಹೋಗ್ತಾರೆ, ಹೇಳಿ ತನ್ನ ಕೆಲಸಕ್ಕೆ ಹೊರಟುಹೋದಳು, ಹೇಳುವುದಕ್ಕೇನು, ಕೈ ಬಿಟ್ಟಮೇಲೆ ತಾನೆ ಗೊತ್ತಾಗುವುದು.

ಇಳಿದಳು, ಒಂದು ಹೆಜ್ಜೆ, ಎರಡು, ಬೈಕುಗಳು ಹೊಳೆಯ ಹಾಗೆ ಸೀಳಿಕೊಂಡು ಅಕ್ಕಪಕ್ಕ ಹರಿದವು, ಬಿಸಿ ಗಾಳಿ, ಪೆಟ್ರೋಲಿನ ನಾತ, ಯಾರದೋ ತೋಳು ಭುಜಕ್ಕೆ ತಾಗಿತು, ಅಯ್ಯೋ ಎದುರಿಗೆ ಬಿಳಿ ಗಡ್ಡದ ಮುದುಕ, ಹ್ಯಾಂಡಲ್ಲಿಗೆ ಕೋಳಿ ತೂಗುಹಾಕಿಕೊಂಡಿದ್ದಾನೆ, ಹಿರಿಯರ ಮುಂದೆ ಕಂಬದ ಹಾಗೆ ನಡೀತೀಯಲ್ಲೇ, ಭುಜ ತಗ್ಸು, ಅವ್ವ ಸತ್ತು ಇಪ್ಪತ್ತು ವರ್ಷವಾದರೂ ದನಿ ಕಿವಿಯೊಳಗೇ ಇದೆ, ಬೆನ್ನು ತಾನಾಗಿ ಬಗ್ಗಿತು, ಬಲಗೈ ನೆಲದ ಕಡೆ ಇಳಿಯಿತು, ತಪ್ಪಾಯ್ತು ಎಂದು ಬಾಯಲ್ಲಿ ಬಂತು, ಮುದುಕ ಗಕ್ಕನೆ ಬ್ರೇಕು ಹಾಕಿ ಕಣ್ಣು ಬಿಟ್ಟ, ಮತ್ತೆ ಒಬ್ಬಳು ಅಜ್ಜಿ ಬಂದಳು, ಅವಳಿಗೂ ಬಗ್ಗಿದಳು, ಬೆಳಿಗ್ಗೆ ತಂಗಿ ಹೇಳಿರಲಿಲ್ಲವೇ, ಅಕ್ಕಾ, ನೀನು ಹಂದಿಗೂ ದಾರಿ ಬಿಡೋಳು, ನಿನ್ನ ಮರ್ಯಾದೆಯೆಲ್ಲ ಈ ಊರಲ್ಲಿ ತೋರಿಸೋಕೆ ಹೋಗ್ಬೇಡ, ಅಷ್ಟು ಹೇಳುವುದರೊಳಗೆ ಮೂರು ಸಲ ಉಸಿರು ಎಳೆದಳು, ತುಟಿ ನೇರಳೆ ಹಣ್ಣು ತಿಂದವರ ಹಾಗೆ ನೀಲಿ, ಆದರೂ ನಗು, ಇವಳಿಗೆ ಹೆದರಿಕೆಯೇ ಇಲ್ಲವೇ, ಅಥವಾ ನನಗಾಗಿ ನಗುತ್ತಿದ್ದಾಳೆಯೇ — ಭೋಂ! ಲಾರಿ! ಹಿಂದಕ್ಕೆ ಸರಿದಳು, ಸರಿಯಬಾರದಿತ್ತು, ಬೆನ್ನ ಹಿಂದೆ ಕಿರ್‍ರೆಂದು ಸದ್ದು, ಏನೋ ಬಿದ್ದು ಒಡೆಯಿತು, ಕಾಲಿಗೆ ತಣ್ಣನೆ ನೀರು.

ಮೀನು. ರಸ್ತೆ ತುಂಬಾ ಮೀನು. ಬೈಕಿನ ಸುತ್ತ ಗೊಂಚಲು ಗೊಂಚಲಾಗಿ ನೀರಿನ ಚೀಲ ಕಟ್ಟಿಕೊಂಡು, ಒಂದೊಂದರಲ್ಲೂ ಕೆಂಪು ಮೀನು ತೇಲಿಸಿಕೊಂಡು ಮಾರಲು ಹೊರಟವನು, ಪುಣ್ಯಕ್ಕೆ ಅವನಿಗೇನೂ ಆಗಿಲ್ಲ, ಎದ್ದು ನಿಂತು ಚಡ್ಡಿ ಕೊಡವಿಕೊಂಡ, ಏನ್ ತಾಯಿ, ನಡುರಸ್ತೆಯಲ್ಲಿ ನಿಂತು ಕೈಮುಗಿಯೋಕೆ ಇದೇನು ಗುಡಿಯಾ, ಗಡಿಯ ಸಂತೆಯಲ್ಲಿ ಈ ದೇಶದವರ ಮಾತು ಅಷ್ಟಿಷ್ಟು ಕಲಿತಿದ್ದಾಳೆ, ಬೈಗಳು ಪೂರ್ತಿ ಅರ್ಥವಾಗುತ್ತದೆ, ತಪ್ಪಾಯ್ತಪ್ಪ, ತಪ್ಪಾಯ್ತು, ಕೂತು ಹೆಕ್ಕತೊಡಗಿದಳು, ಜಾರುತ್ತವೆ, ಹಾರುತ್ತವೆ, ಒಂದು ಚಕ್ರದಡಿ ಹೋಯಿತು, ನೋಡಬಾರದು, ನೋಡಿಬಿಟ್ಟಳು. ಹೊರಡುವ ದಿನ ವಿಹಾರದ ಭಂತೇಜಿ ಹೇಳಿದರೆಂದು ಅಕ್ಕತಂಗಿ ಊರ ಹೊಳೆಗೆ ಏಳು ಮೀನು ಬಿಟ್ಟು ಬಂದಿದ್ದರು, ತಂಗಿಯ ಆಯುಸ್ಸಿಗೆ, ಏಳೂ ಬಾಲ ಬೀಸಿ ಹೋಗಿದ್ದನ್ನು ಕಣ್ಣಾರೆ ಕಂಡು ಎಷ್ಟು ಧೈರ್ಯ ಬಂದಿತ್ತು, ಈಗ, ಇವತ್ತೇ, ಅವಳನ್ನು ಕೊಯ್ಯುವ ದಿನವೇ, ನನ್ನ ಕಾಲಡಿಯಲ್ಲಿ, ಎಷ್ಟು, ಹತ್ತು, ಹದಿನೈದು, ದೇವರೇ ಲೆಕ್ಕ ಹಾಕಬೇಡ. ಬಿಡಿ ತಾಯಿ, ಅವನ ದನಿ ಮೆತ್ತಗಾಗಿದೆ, ಮಾರೋ ಮೀನು, ಸತ್ರೆ ಸಾಯ್ತವೆ, ಆ ಮಾತು ಆಡಬೇಡಪ್ಪ, ನಿನ್ನ ಕಾಲು ಹಿಡೀತೀನಿ, ಇವತ್ತು ಆ ಮಾತು ಬೇಡ, ಅವನು ಗಲಿಬಿಲಿಗೊಂಡು ಉಳಿದ ಚೀಲದಲ್ಲಿ ಸಿಕ್ಕಿದ್ದನ್ನೆಲ್ಲ ತುಂಬಿಕೊಂಡ, ಒಂದು ಉಳಿಯಿತು, ಅವಳ ಬೊಗಸೆಯಲ್ಲಿ, ಒಡೆದ ಚೀಲದ ತಳದಿಂದ ಸುರಿದುಕೊಂಡ ನೀರಿನಲ್ಲಿ. ಗೇಟಿನಿಂದ ನರ್ಸ್ ಕೈ ಬೀಸುತ್ತಿದ್ದಾಳೆ, ಅಮ್ಮಾ, ಬನ್ನೀ, ಹೆಸರು ಕೂಗ್ತಿದಾರೆ, ಎದ್ದಳು, ನೆಟ್ಟಗೆ ನಡೆದಳು, ಯಾರಿಗೂ ಬಗ್ಗಲಿಲ್ಲ, ಮುದುಕರಿಗೂ ಇಲ್ಲ, ಅವ್ವನ ದನಿಗೂ ಇಲ್ಲ, ಬಗ್ಗಿದರೆ ನೀರು ಚೆಲ್ಲುತ್ತದೆ, ಬೈಕುಗಳು ತಾವಾಗಿಯೇ ಬಳಸಿಕೊಂಡು ಹೋದವು, ಬೆರಳ ಸಂದಿಯಿಂದ ಹನಿ, ಹನಿ, ಹಳದಿ ಗೋಡೆ ಬಂತು. ನರ್ಸ್ ಕಂಕುಳಿಂದ ಚೀಲ ಎಳೆದುಕೊಂಡಳು, ಕಾಗದ ಎಣಿಸಿದಳು, ಸರಿಯಾಗಿದೆ, ಇಲ್ಲೊಂದು ಸಹಿ ಹಾಕಿ, ಅಕ್ಕ ಅಂತ, ಬೇಗ, ಅವಳನ್ನ ಆಗ್ಲೇ ಒಳಗೆ ಕರ್ಕೊಂಡು ಹೋಗ್ತಿದಾರೆ, ಪೆನ್ನು ಮುಂದಿದೆ, ಬಲಗೈ ತೆಗೆದರೆ ಇರುವ ಒಂದು ಗುಟುಕು ನೀರೂ ಹೋಗುತ್ತದೆ, ಹಾಕ್ತೀನಮ್ಮ, ಒಂದೇ ನಿಮಿಷ, ಏನಮ್ಮಾ ಅದು ಕೈಯಲ್ಲಿ, ಒಂದೇ ನಿಮಿಷ, ಮೀನಿನ ಬಾಯಿ ತೆರೆಯಿತು, ಮುಚ್ಚಿತು, ಸಹಿ ಅಮ್ಮಾ, ತೆರೆಯಿತು, ಮುಚ್ಚಿತು, ತೆರೆಯಿತು, ಮುಚ್ಚು, ಮುಚ್ಚೇ ನನ್ನ ತಾಯಿ, ಅಂಗೈಯಲ್ಲಿ ಕೆಂಪು ಮೀನು, ತೆರೆದ ಬಾಯಿ, ತೆರೆದ ಬಾಯಿ —