ಐಸ್ ಫ್ಯಾಕ್ಟರಿಯ ಸೊನ್ನೆ

ಹೆದರುವುದೇ ನನ್ನ ಉದ್ಯೋಗ. ತಮಾಷೆಗೆ ಹೇಳುತ್ತಿಲ್ಲ. ಹೊಸ ರಾಕೆಟ್ಟೊಂದನ್ನು ಪರೀಕ್ಷೆಗೆ ನಿಲ್ಲಿಸುವ ಮೊದಲು ಅದರಿಂದ ಗಾಳಿಗೆ, ನೀರಿಗೆ, ಹಕ್ಕಿಗೆ, ಮೀನಿಗೆ, ಮನುಷ್ಯರಿಗೆ ಏನೇನು ಕೆಡುಕಾಗಬಹುದು ಎಂದು ಕೂತು ಯೋಚಿಸಿ ಬರೆಯುವವಳು ನಾನು. ಪರಿಸರ ಪರಿಶೀಲನಾಧಿಕಾರಿ ಎಂದು ಬಾಗಿಲ ಮೇಲೆ ಬರೆದಿದೆ. ಒಳಗಿನವರು ಕರೆಯುವುದು ಅಪಶಕುನ ಎಂದು. ನಾನು ಕ್ಯಾಂಟೀನಿಗೆ ಕಾಲಿಟ್ಟರೆ ಸಾಕು, ಎಂಜಿನ್ ವಿಭಾಗದವರು “ಬಂತಪ್ಪಾ ಅಪಶಕುನ, ಇವತ್ತು ಏನು ಸೋರುತ್ತೆ, ಏನು ಸಿಡಿಯುತ್ತೆ?” ಎಂದು ನಗುತ್ತಾರೆ. ನಗಲಿ. ಹುಟ್ಟು ಪುಕ್ಕಲಿ ನಾನು. ಚಿಕ್ಕಂದಿನಲ್ಲಿ ಕುಕ್ಕರ್ ಕೂಗಿದರೆ ಮಂಚದಡಿ ಸೇರುತ್ತಿದ್ದೆ. ಆ ಗುಣಕ್ಕೆ ಸಂಬಳ ಕೊಡುವ ಕಚೇರಿಯೂ ಇದೆ ಎಂದು ತಿಳಿದ ದಿನ ಅಮ್ಮ ಬಿದ್ದು ಬಿದ್ದು ನಕ್ಕಿದ್ದಳು.

ಅಮ್ಮ ಮತ್ತು ಅಕ್ಕ ಇರುವುದು ಉಡಾವಣಾ ಕಟ್ಟೆಯ ಮಗ್ಗುಲಿನ ಕಡಲ ಕಾಲೊನಿಯಲ್ಲಿ. ಅಮ್ಮನಿಗೆ ಉಬ್ಬಸ. ಮಾತಿಗೆ ಮಾತ್ರ ಯಾವ ಅಡ್ಡಿಯೂ ಇಲ್ಲ.

ಈ ರಾಕೆಟ್ಟಿನ ವಿಷಯದಲ್ಲಿ ನನಗಿದ್ದದ್ದು ಎರಡು ಭಯ. ಮೊದಲನೆಯದು ಸಿಡಿತ. ಅದಕ್ಕಾಗಿ ನಕ್ಷೆಯಲ್ಲಿ ಕಟ್ಟೆಯ ಸುತ್ತ ಕೆಂಪು ಗೆರೆ ಎಳೆದಿದ್ದೇವೆ. ಪರೀಕ್ಷೆಯ ದಿನ ಆ ಗೆರೆಯೊಳಗೆ ನರಪಿಳ್ಳೆ ಇರಕೂಡದು. ಕಾಲೊನಿಯವರನ್ನೆಲ್ಲ ಬಸ್ಸಿನಲ್ಲಿ ಗೆರೆಯಾಚೆ ಸಾಗಿಸುತ್ತಾರೆ. ಎರಡನೆಯದು ಹೊಗೆ. ಟ್ಯಾಂಕಿನ ದ್ರವ ಸೋರಿದರೆ ಇಟ್ಟಿಗೆ ಬಣ್ಣದ ಹೊಗೆಯೇಳುತ್ತದೆ. ಅದು ಗಾಳಿಗಿಂತ ಭಾರ, ನೆಲ ಹಿಡಿದು ತೆವಳುತ್ತದೆ, ತಗ್ಗು ಕಂಡಲ್ಲಿ ಕೂರುತ್ತದೆ. ಕೆಂಪು ಗೆರೆ ಗಿರೆ ಅದಕ್ಕೆ ಗೊತ್ತಿಲ್ಲ. ಗಾಳಿ ಕರೆದತ್ತ ಉದ್ದಕ್ಕೆ ಬಾಲ ಚಾಚಿಕೊಂಡು ಹೋಗುತ್ತದೆ. ಅದನ್ನು ಉಸಿರಿಗೆ ಎಳೆದುಕೊಂಡವರು ಒಂದಿಷ್ಟು ಕೆಮ್ಮಿ ಸುಧಾರಿಸಿಕೊಳ್ಳುತ್ತಾರೆ. ಮನೆಗೆ ಹೋಗುತ್ತಾರೆ, ಉಂಡು ಮಲಗುತ್ತಾರೆ. ಶ್ವಾಸಕೋಶದಲ್ಲಿ ನೀರು ತುಂಬುವುದು ಆಮೇಲೆ. ಇದನ್ನು ಓದಿದ ದಿನದಿಂದ ಯಾರು ಕೆಮ್ಮಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಪರೀಕ್ಷೆಯ ದಿನ ನಿಯಂತ್ರಣ ಕೊಠಡಿಯಲ್ಲಿ ನನಗೂ ಒಂದು ಮೇಜು, ಒಂದು ಪರದೆ. ಪಕ್ಕದ ಮೇಜಿನ ಹವಾಮಾನದವರು ಗಾಳಿಯ ದಿಕ್ಕು ಹೇಳುತ್ತಾರೆ. ಎಲ್ಲರೂ ಅವರನ್ನು ಗಾಳಿ ಮೇಷ್ಟ್ರು ಎನ್ನುತ್ತೇವೆ. ದಿಕ್ಕು ಸಿಕ್ಕ ಕೂಡಲೇ ಕಂಪ್ಯೂಟರು ಹೊಗೆಯ ಬಾಲವನ್ನು ಬರೆದು, ಅದರಡಿ ಎಷ್ಟು ಜನ ಸಿಗುತ್ತಾರೆ ಎಂದು ಎಣಿಸುತ್ತದೆ. ಸೊನ್ನೆ ಬಂದರೆ ಹಸಿರು, ಒಂದೇ ಒಂದು ಜೀವವಿದ್ದರೂ ಕೆಂಪು. ಜನರ ಲೆಕ್ಕ ಬರುವುದು ಭದ್ರತೆಯವರಿಂದ. ಹಿಂದಿನ ಸಂಜೆ ಗಸ್ತಿನವರು ಗೆರೆಯಾಚೆಯ ಕಟ್ಟಡ ಕಟ್ಟಡಕ್ಕೂ ಹೋಗಿ, ಇಲ್ಲಿ ರಾತ್ರಿ ಯಾರು ಮಲಗುತ್ತಾರೆ ಎಂದು ಕೇಳಿಕೊಂಡು ಬರುತ್ತಾರೆ. ಮಲಗುವವರಿಲ್ಲದ ಕಡೆ ಸೊನ್ನೆ. ನಿಯಮ ಅಷ್ಟೇ, ಅದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ.

ಮೊದಲ ಪರೀಕ್ಷೆಯ ಬೆಳಿಗ್ಗೆ ಗಾಳಿ ಕಡಲ ಕಡೆಗಿತ್ತು. ಟ್ಯಾಂಕು ತುಂಬಿಸಿ ಮುಗಿಯುವ ಹೊತ್ತಿಗೆ ಅದು ಮೆಲ್ಲಗೆ ಒಳನಾಡಿನತ್ತ ತಿರುಗಿತು. ಬಾಲ ಉಪ್ಪಿನ ಬಯಲನ್ನು ದಾಟಿ, ಕೆಂಪು ಗೆರೆಯಾಚೆಯ ತಗ್ಗಿನಲ್ಲಿದ್ದ ಹಳೆಯ ಐಸ್ ಫ್ಯಾಕ್ಟರಿಯ ಮೇಲೆ ಬಂದು ನಿಂತಿತು. ಆ ಫ್ಯಾಕ್ಟರಿ ಮುಚ್ಚಿ ಬಹಳ ಕಾಲವಾಗಿತ್ತು. ಸೊನ್ನೆ. ಹಸಿರು. “ಸಮಾಧಾನ ಆಯ್ತಾ ಮೇಡಂ?” ಎಂದರು ಗಾಳಿ ಮೇಷ್ಟ್ರು. ಸ್ವಲ್ಪ ಆಗಿತ್ತು.

ಆಗ ನನ್ನ ಮೇಜಿನ ಫೋನು ಹೊಡೆದುಕೊಂಡಿತು. ಕೊಠಡಿಗೆ ಮೊಬೈಲ್ ತರುವಂತಿಲ್ಲ. ಸಾರ್ವಜನಿಕರ ದೂರಿಗೆಂದು ನನಗೊಂದು ಲ್ಯಾಂಡ್‌ಲೈನ್ ಕೊಟ್ಟಿದ್ದಾರೆ, ಅದರ ನಂಬರನ್ನು ಕಾಲೊನಿಯ ಗೋಡೆಗಳ ಮೇಲೆ ಬರೆಸಿದ್ದಾರೆ. ಸಾರ್ವಜನಿಕರು ಎಂದರೆ ಹೆಚ್ಚಾಗಿ ನನ್ನ ಅಮ್ಮ.

“ಲೇ, ನನ್ನ ಉಬ್ಬಸದ ಪಂಪು ಎರಡಿತ್ತಲ್ಲ, ಇನ್ನೊಂದು ಎಲ್ಲಿಟ್ಟೆ ನೀನು?”

“ಅಮ್ಮ, ಕೆಲಸದಲ್ಲಿದೀನಿ. ಅಕ್ಕನ ಚೀಲದಲ್ಲಿ ನೋಡು.”

“ಅವಳ ಚೀಲದಲ್ಲಿ ಇಲ್ಲ ಅಂತಾನೇ ನಿನ್ನ ಕೇಳ್ತಿರೋದು.”

ಅವಳ ದನಿ ಎರಡೆರಡು ಸಲ ಕೇಳುತ್ತಿತ್ತು. ಹಿಂದೆ ತುಂಬ ಜನರ ಮಾತು, ಮಕ್ಕಳ ಗಲಾಟೆ, ಎಲ್ಲಕ್ಕೂ ದೊಡ್ಡ ಖಾಲಿ ಹಜಾರದ ಮಾರ್ದನಿ.

“ಎಲ್ಲಿದೀಯಮ್ಮ ನೀನು?”

“ಇನ್ನೆಲ್ಲಿ? ಐಸ್ ಫ್ಯಾಕ್ಟರಿಲಿ. ಕಾಲೊನಿಯೋರೆಲ್ಲ ಇಲ್ಲೇ ಇದೀವಿ. ಬಸ್ಸೋನು ಗೆರೆ ದಾಟಿಸಿ ಇಳಿಸ್ಬಿಟ್ಟ. ಬಿಸಿಲಲ್ಲಿ ನಿಲ್ಲೋಕಾಗುತ್ತಾ? ಇಲ್ಲಿ ತಣ್ಣಗಿದೆ, ಕಿಟಕೀಲಿ ರಾಕೆಟ್ಟೂ ಕಾಣ್ಸುತ್ತೆ.”

ಪರದೆಯ ಮೇಲೆ ಬಾಲದ ತುದಿ ಆ ಕಟ್ಟಡವನ್ನು ಹಾವು ಇಲಿಯನ್ನು ಹಿಡಿದಂತೆ ಹಿಡಿದಿತ್ತು. ಪಕ್ಕದಲ್ಲಿ ದುಂಡಗಿನ ಸೊನ್ನೆ. ಆ ಸೊನ್ನೆಯೊಳಗೆ ನನ್ನ ಅಮ್ಮ ಪಂಪು ಹುಡುಕುತ್ತ ಕೂತಿದ್ದಾಳೆ. ಊರು ಖಾಲಿ ಮಾಡಿಸಿದೆವು, ಖಾಲಿ ಮಾಡಿದವರು ಎಲ್ಲಿಗೆ ಹೋದರು ಎಂದು ಒಬ್ಬರೂ ಕೇಳಿರಲಿಲ್ಲ.

“ಅಮ್ಮ, ನಾನು ಹೇಳೋದನ್ನ ಕೇಳು. ಎಲ್ಲರನ್ನೂ ಎಬ್ಬಿಸ್ಕೊಂಡು ಹೊರಗೆ ನಡಿ. ಓಡ್ಬೇಡ. ಗಾಳಿ ನಿನ್ನ ಮುಖಕ್ಕೂ ಬಡೀಬಾರದು, ಬೆನ್ನಿಗೂ ಬಡೀಬಾರದು. ಕಿವಿಗೆ ಬಡಿಯೋ ಹಾಗೆ ಅಡ್ಡಕ್ಕೆ ನಡಿ. ಆ ಕಡೆ ಏರು ಇದೆಯಲ್ಲ, ಅದನ್ನ ಹತ್ತು.”

“ಯಾಕೆ? ಏನಾಯ್ತೀಗ?”

“ಏನೂ ಆಗಿಲ್ಲ.”

“ಏನೂ ಆಗದೇ ಇದ್ರೆ ಇಷ್ಟು ಜನ ಯಾಕೇ ಏಳ್ತಾರೆ? ಎಲ್ಲ ನೋಡೋಕೆ ಅಂತ ಕಾದು ಕೂತಿದಾರೆ. ನೀನೊಬ್ಬಳು ಪುಕ್ಕಲಿ.”

ಫೋನು ಕಟ್ಟಾಯಿತು. ಅಷ್ಟರಲ್ಲಿ ಮೇಜು ಮೇಜಿಗೂ ಒಪ್ಪಿಗೆ ಕೇಳುತ್ತ ನಿರ್ದೇಶಕರ ದನಿ ನನ್ನತ್ತ ಬರುತ್ತಿತ್ತು. ಎಂಜಿನ್, ಗೋ. ಇಂಧನ, ಗೋ. ಹವಾಮಾನ, ಗೋ. ಪರಿಸರ?

“ನೋ ಗೋ” ಎಂದೆ. ಅಷ್ಟು ಜನರ ಮುಂದೆ ನಾನು ಅಷ್ಟು ಜೋರಾಗಿ ಮಾತನಾಡಿದ್ದು ಅದೇ ಮೊದಲು.

ನಿರ್ದೇಶಕರು ಕುರ್ಚಿಯಿಂದೆದ್ದು ಬಂದರು. ಕೂಗಾಡುವ ಮನುಷ್ಯರಲ್ಲ ಅವರು, ಅದೇ ಹೆಚ್ಚು ಹೆದರಿಕೆ. “ನಿಮ್ಮ ಪರದೆ ಹಸಿರಿದೆ. ಯಾವ ಆಧಾರದ ಮೇಲೆ?”

“ಐಸ್ ಫ್ಯಾಕ್ಟರಿ ತುಂಬ ಜನ ಇದಾರೆ ಸರ್.”

“ಯಾರು ಹೇಳಿದ್ದು?”

“ನಮ್ಮಮ್ಮ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಿರ್ದೇಶಕರು ನಗಲಿಲ್ಲ. ಪರೀಕ್ಷೆ ನಿಲ್ಲಿಸಿದರು. ಆಮೇಲೆ ನನ್ನ ಮೇಜಿಗೆ ಬಗ್ಗಿ ಮೆಲ್ಲಗೆ ಹೇಳಿದರು: “ತುಂಬಿದ ಟ್ಯಾಂಕು ಬರಿದು ಮಾಡೋಕೆ ಈಗ ನಾಲ್ಕು ಜನ ಅದರ ಬುಡಕ್ಕೆ ಹೋಗ್ಬೇಕು. ಇಡೀ ಕೆಲಸದಲ್ಲಿ ಅದಕ್ಕಿಂತ ಅಪಾಯದ್ದು ಇನ್ನೊಂದಿಲ್ಲ. ಅವರಿಗೂ ಅಮ್ಮಂದಿರು ಇದಾರೆ.”

ಬಿಳಿ ಉಡುಪಿನ ನಾಲ್ವರು ಕೊಳವೆ ಹಿಡಿದು ಕಟ್ಟೆ ಹತ್ತುವುದನ್ನು ಕ್ಯಾಮೆರಾದಲ್ಲಿ ನೋಡುತ್ತ ಕೂತೆ. ಒಬ್ಬ ಕಾಲು ಜಾರಿ ಕಂಬಿ ಹಿಡಿದುಕೊಂಡಾಗ ನಾನೂ ಮೇಜಿನ ಅಂಚು ಹಿಡಿದುಕೊಂಡೆ. ಮೂಗಿಗೆ ಇಲ್ಲದ ವಾಸನೆ ಬಡಿಯುತ್ತಿತ್ತು. ಅವರು ಕೆಳಗಿಳಿದು ಮುಖವಾಡ ತೆಗೆದದ್ದನ್ನು ನೋಡಿಯೇ ನಾನು ಮೇಜು ಬಿಟ್ಟು ಎದ್ದೆ.

ಮರುದಿನ ನಿರ್ದೇಶಕರ ಕೋಣೆಯಲ್ಲಿ ಸೊನ್ನೆಯನ್ನು ತಿದ್ದಿ ಎಂದು ಕೇಳಿದೆ. “ನಿಮ್ಮ ಮಾತು ಸುಳ್ಳು ಅಂತ ಅಲ್ಲ. ಆದರೆ ಲೆಕ್ಕ ಬರೋದು ಗಸ್ತಿನಿಂದ. ಫೋನಲ್ಲಿ ಯಾರೋ ಹೇಳಿದ್ರು ಅಂತ ನಾನು ಅಂಕಿ ಬದಲಾಯಿಸಿದ್ರೆ, ನಾಳೆ ಇನ್ಯಾರೋ ಹೇಳಿದ್ರು ಅಂತ ಕಡಿಮೆನೂ ಮಾಡ್ಬಹುದು. ಮುಂದಿನ ಪರಿಶೀಲನಾ ವರದಿಯಲ್ಲಿ ಸೇರಿಸಿ” ಎಂದರು. ಮುಂದಿನ ವರದಿ ಎಂದರೆ ಮುಂದಿನ ವರ್ಷ. ಮುಂದಿನ ಪರೀಕ್ಷೆ ಎಂದರೆ ಅದೇ ತಿಂಗಳು. “ಇನ್ನೊಂದು ವಿಷಯ. ನಿಮ್ಮ ಮನೆಯವರು ಅಲ್ಲಿರೋದರಿಂದ ಆ ದಿನ ನಿಮ್ಮ ಮೇಜಿನಲ್ಲಿ ಬೇರೆಯವರು ಕೂರ್ತಾರೆ.”

ಬೇರೆಯವರ ಮುಂದೆಯೂ ಅದೇ ಹಸಿರು. ಅವರಿಗೆ ಅಮ್ಮನ ಫೋನು ಬರುವುದಿಲ್ಲ.

ಕಾಲೊನಿಗೆ ಹೋಗಿ ಮನೆ ಮನೆಗೂ ಹೇಳಿದೆ. ಎಲ್ಲರೂ ತಲೆಯಾಡಿಸಿದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಷ್ಟು ಹತ್ತಿರ ಇದ್ದುಕೊಂಡು ರಾಕೆಟ್ ನೋಡದಿದ್ದರೆ ಹೇಗೆ ಎಂಬುದು ಅವರ ವಾದ. ಅಕ್ಕನಂತೂ “ಗೆರೆ ಎಳೆದೋಳು ನೀನೇ, ಗೆರೆ ಆಚೆ ಕೂತ್ರೂ ಬೈಯೋಳು ನೀನೇ” ಎಂದು ಮೂಗು ಮುರಿದಳು. ಅಮ್ಮ ಮಾತ್ರ ನಾನು ಹೋದ ಮೇಲೂ ಬಹಳ ಹೊತ್ತು ಬಾಗಿಲಲ್ಲಿ ನಿಂತಿದ್ದಳಂತೆ.

ಅಂದಿನಿಂದ ನನಗೆ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಇಟ್ಟಿಗೆ ಬಣ್ಣದ ಬಾಲ ಬಾಗಿಲ ಸಂದಿಯಿಂದ ತೂರಿ ಬರುವುದು, ಅಮ್ಮ ಒಮ್ಮೆ ಕೆಮ್ಮಿ “ಏನೂ ಆಗಿಲ್ಲ ಬಿಡು” ಎನ್ನುವುದು. ಅಂಥ ಒಂದು ಬೆಳಗಿನ ಜಾವ ಹಾಸಿಗೆಯಲ್ಲಿ ಹೊರಳುತ್ತಿದ್ದಾಗಲೇ ತಲೆಗೆ ಹೊಳೆಯಿತು. ಅಲ್ಲಿ ಮಲಗುವವರಿಲ್ಲ ಎಂದಲ್ಲವೇ ಸೊನ್ನೆ? ಮಲಗಿದರಾಯಿತು.

ಪರೀಕ್ಷೆಯ ಹಿಂದಿನ ದಿನ ರಜೆ ಹಾಕಿ, ಚಾಪೆ, ಹೊದಿಕೆ, ಟಾರ್ಚು ಹಿಡಿದು ಹೊರಟೆ. ಅಮ್ಮನಿಗೆ ಹೇಳಿ ಹೋಗೋಣವೆಂದು ಮನೆಗೆ ಹೋದದ್ದೇ ತಪ್ಪಾಯಿತು. “ನೀನೊಬ್ಬಳೇ ಆ ಪಾಳು ಕಟ್ಟಡದಲ್ಲಿ ಮಲಗಿದ್ರೆ ಹೊಗೆ ಯಾಕೆ ಬೇಕು, ಹೆದರಿಕೆಗೇ ಪ್ರಾಣ ಬಿಡ್ತೀಯ” ಎಂದು ತನ್ನ ಚಾಪೆಯನ್ನೂ ಸುತ್ತಿಕೊಂಡಳು. ಅಮ್ಮ ಹೊರಟ ಮೇಲೆ ಅಕ್ಕ ಬಿಟ್ಟಾಳೆಯೇ? ಗೊಣಗುತ್ತಲೇ ಬಂದಳು.

ಆ ಕಟ್ಟಡದ ಒಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ತುಕ್ಕು ಹಿಡಿದ ಅಚ್ಚುಗಳು, ಬಿರುಕು ಬಿಟ್ಟ ನೀರಿನ ತೊಟ್ಟಿ, ಗಾಜಿಲ್ಲದ ಕಿಟಕಿಗಳು. ನೆಲ ಹೊರಗಿನದಕ್ಕಿಂತ ಮೂರು ಮೆಟ್ಟಿಲು ಕೆಳಗಿತ್ತು. ಹೊಗೆಗೆ ಕೂರಲು ಯಾರೋ ಅಳತೆ ತೆಗೆದು ಕಟ್ಟಿಸಿದ ಹಾಗಿತ್ತು. ಬಾಗಿಲು ಒಂದೇ, ಅದೂ ಕಡಲ ಕಡೆಗೆ. ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಅಮ್ಮ ಚಾಪೆ ಹಾಸಿ, “ಬಾ, ನನ್ನ ಪಕ್ಕ ಬಿದ್ಕೋ” ಎಂದಳು. ನಾಚಿಕೆ ಬಿಟ್ಟು ಹೋಗಿ ಬಿದ್ದುಕೊಂಡೆ.

ಕತ್ತಲಾಗುವ ಹೊತ್ತಿಗೆ ಗಸ್ತಿನವನು ಬಂದ. ಬಾಗಿಲಲ್ಲೇ ತಿರುಗಿ ಹೋಗುವವನಿದ್ದ, ನಾನೇ ಟಾರ್ಚು ಬಿಟ್ಟೆ. ಅವನು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದ. ಈ ಜಗತ್ತಿನಲ್ಲಿ ನನ್ನನ್ನು ನೋಡಿ ಹೆದರಿದವನು ಅವನೊಬ್ಬನೇ ಇರಬೇಕು.

“ಮೇಡಂ? ನೀವಾ? ಇಲ್ಲೇನ್ ಮಾಡ್ತಿದೀರಾ?”

“ಮಲಗಿದೀವಿ. ಬರ್ಕೊಳ್ಳಿ, ಮೂರು ಜನ.”

“ಇದು ಪಾಳು ಕಟ್ಟಡ ಮೇಡಂ. ಇಲ್ಲಿ ಯಾರೂ ಮಲಗಲ್ಲ.”

“ನಾವು ಮಲಗಿರೋದು ಕಾಣ್ತಿಲ್ವೇನಪ್ಪ?” ಎಂದಳು ಅಮ್ಮ. “ಗೊರಕೆ ಹೊಡೆದು ತೋರಿಸ್ಬೇಕಾ?”

ಅವನು ತಲೆ ಕೆರೆದುಕೊಂಡು ಬರೆದುಕೊಂಡ. ಅವನು ಹೋದ ಮೇಲೆ ನನಗೆ ಇನ್ನೊಂದು ಭಯ ಹತ್ತಿಕೊಂಡಿತು: ನಾಳೆ ಆ ಮೂರನ್ನು ಯಾರಾದರೂ ಅಳಿಸಿದರೆ? ಮೇಡಂ ತಮಾಷೆಗೆ ಮಲಗಿದ್ದರು, ಬಿಡಿ ಎಂದರೆ? ಆಗ ಸೊನ್ನೆಯೊಳಗೆ ಅಮ್ಮನ ಜೊತೆ ನಾನೂ ಇರುತ್ತೇನೆ. ಕಾಲಿಗೆ ಬುದ್ಧಿ ಹೇಳೋಣ ಎಂದು ಹಲವು ಸಲ ಎದ್ದು ಕೂತೆ. ಪ್ರತಿ ಸಲವೂ ಅಮ್ಮ ನಿದ್ದೆಗಣ್ಣಿನಲ್ಲೇ ನನ್ನ ಸೆರಗು ಜಗ್ಗಿದಳು.

ಬೆಳಿಗ್ಗೆ ಗಾಳಿ ನೇರ ಬಾಗಿಲಿನಿಂದ ಮುಖಕ್ಕೆ ಬಡಿಯುತ್ತಿತ್ತು. ನನ್ನ ಮೊಬೈಲಿಗೆ ನಿರ್ದೇಶಕರ ಕರೆ ಬಂತು.

“ನೀವು ಎಲ್ಲಿದೀರಾ?”

“ಐಸ್ ಫ್ಯಾಕ್ಟರಿಲಿ ಸರ್. ಪರದೆ ಯಾವ ಬಣ್ಣ ಇದೆ?”

ಆಚೆ ಕಡೆ ಕುರ್ಚಿ ಸರಿದ ಸದ್ದು ಕೇಳಿಸಿತು.

“ಕೆಂಪು” ಎಂದರು. ಆಮೇಲೆ, “ಈ ಕೆಲಸ ನೀವು ಮಾಡಬಾರದಿತ್ತು” ಎಂದರು. “ಬಸ್ ಕಳಿಸ್ತೀನಿ. ಎಲ್ಲರನ್ನೂ ಏರಿನ ಮೇಲಿನ ಶಾಲೆಗೆ ಕರ್ಕೊಂಡು ಹೋಗಿ. ಆ ಬಾಗಿಲಿಗೆ ಬೀಗ ಹಾಕಿಸಿ, ಗಸ್ತಿನವರಿಂದ ಇನ್ನೊಮ್ಮೆ ಲೆಕ್ಕ ತೆಗೆಸ್ತೀನಿ. ಪರದೆ ಹಸಿರಾಗೋವರೆಗೆ ನಾನು ಟ್ಯಾಂಕು ತುಂಬಿಸೋ ಹಾಗಿಲ್ಲ.”

ಅವಸರದಲ್ಲಿ ಅಮ್ಮ ಚಾಪೆಯನ್ನು ಒಳಗೇ ಮರೆತಳು. ಕಾಲೊನಿಯವರು ಬಂದು, ಬೀಗ ನೋಡಿ, ನನಗೆ ಹಿಡಿಶಾಪ ಹಾಕುತ್ತ ಶಾಲೆಯ ಬಸ್ಸು ಹತ್ತಿದರು. ಶಾಲೆಯ ಮಹಡಿಯಿಂದ ರಾಕೆಟ್ಟು ಬೆಂಕಿಕಡ್ಡಿಯಷ್ಟೇ ಕಾಣುತ್ತಿತ್ತು. “ಇದಕ್ಕೆ ಇಷ್ಟೆಲ್ಲ ರಾದ್ಧಾಂತ” ಎಂದು ಅಕ್ಕ ಗೊಣಗುತ್ತಿದ್ದಳು.

ಕಟ್ಟೆಗೆ ಬಿಗಿದ ರಾಕೆಟ್ಟಿನ ಎಂಜಿನ್ ಹೊತ್ತಿಕೊಂಡು ಆರಿಹೋಯಿತು; ಪರೀಕ್ಷೆ ಎಂದರೆ ಅಷ್ಟೇ. ಎಲ್ಲರೂ “ಅಯ್ಯೋ, ಇಷ್ಟೇನಾ” ಎಂದರು. ಕೆಲವರು ಮೆಟ್ಟಿಲಿಳಿಯತೊಡಗಿದರು. ಆಗ ಬೆಂಕಿಕಡ್ಡಿಯ ಬುಡದಲ್ಲಿ ಒಂದು ಬಣ್ಣ ಕಾಣಿಸಿತು. ಮೊದಲು ಅದನ್ನು ಗುರುತಿಸಿದವಳು ನಾನು. ಅಲ್ಲಿದ್ದವರಲ್ಲಿ ಅದನ್ನು ದಿನವೂ ಕನಸಿನಲ್ಲಿ ಕಂಡವಳು ನಾನೊಬ್ಬಳೇ.

ಇಟ್ಟಿಗೆ ಬಣ್ಣದ ಹೊಗೆ ನೆಲ ಹಿಡಿದು ಉಪ್ಪಿನ ಬಯಲಿಗೆ ಇಳಿಯಿತು. ಅವಸರವೇ ಇಲ್ಲ ಅದಕ್ಕೆ. ಬಯಲು ದಾಟಿತು, ತಗ್ಗಿಗಿಳಿಯಿತು, ಐಸ್ ಫ್ಯಾಕ್ಟರಿಯ ಗಾಜಿಲ್ಲದ ಕಿಟಕಿಗಳೊಳಗೆ ನುಗ್ಗಿತು. ಸ್ವಲ್ಪ ಹೊತ್ತಿಗೆ ಕಟ್ಟಡವೇ ಕಾಣದಾಯಿತು. ಮೆಟ್ಟಿಲಿಳಿದಿದ್ದವರು ಮಹಡಿಗೆ ಮರಳಿ ಬಂದರು. ಒಬ್ಬ ತಾಯಿ ಮಗುವಿನ ಮೂಗನ್ನು ಸೆರಗಿನಿಂದ ಮುಚ್ಚಿದಳು, ಅಷ್ಟು ದೂರದಿಂದ.

ಅಮ್ಮ ನನ್ನ ಕೈ ಹಿಡಿದುಕೊಂಡಳು.

“ನನ್ನ ಚಾಪೆ ಒಳಗೇ ಇದೆ ಕಣೇ” ಎಂದಳು.

“ಇರಲಿ ಬಿಡಮ್ಮ.”

ಅಲ್ಲಿ ನಿಯಂತ್ರಣ ಕೊಠಡಿಯಲ್ಲಿ, ನನ್ನ ಮೇಜಿನ ಪರದೆಯ ಮೇಲೆ ಆ ಕಟ್ಟಡದ ಪಕ್ಕ ಸೊನ್ನೆ ಇದ್ದಿರಬೇಕು. ಈ ಸಲ ಅದು ನಿಜವಾಗಿತ್ತು.