ಸೊಟ್ಟ ಸರ

ಭಾನುವಾರ ಎಂದು ಟೈಲರಮ್ಮ ಅಂಗಡಿಯ ಬೋರ್ಡು ತಿರುಗಿಸಿದ್ದಳೇ ಹೊರತು ಕೈಗೆ ರಜೆ ಕೊಟ್ಟಿರಲಿಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಬಳಿ ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ನೇತುಹಾಕಿದ ಗಿರಾಕಿಗಳ ಬಟ್ಟೆ, ಮೂಲೆಯಲ್ಲಿ ಇಸ್ತ್ರಿ ಮೇಜು. ಆ ಮೇಜಿನ ಪಕ್ಕ ಚಾಪೆ ಹಾಸಿಕೊಂಡು ಅವಳ ತಾಯಿಯೂ ಮಗಳೂ ಒಡವೆ ಮಾಡುತ್ತಿದ್ದರು.

ಒಡವೆ ಎಂದರೆ ಚಿನ್ನದ್ದಲ್ಲ. ಒಂದು ತಟ್ಟೆಯಲ್ಲಿ ಕುಂಬಳಕಾಯಿ ಬೀಜ, ಇನ್ನೊಂದರಲ್ಲಿ ಕಲ್ಲಂಗಡಿ ಬೀಜ. ಬಾಟಲಿ ಮುಚ್ಚಳದಿಂದ ಒತ್ತಿ ಕತ್ತರಿಸಿದ ಕಿತ್ತಳೆ ಸಿಪ್ಪೆಯ ಬಿಲ್ಲೆಗಳು ಕೆಟ್ಟುಹೋದ ಹಳೆಯ ಇಸ್ತ್ರಿ ಪೆಟ್ಟಿಗೆಯ ಕೆಳಗೆ ಒಣಗುತ್ತಿದ್ದವು. ಭಾರ ಹೇರಿ ಪೂರ್ತಿ ಒಣಗಿಸದಿದ್ದರೆ ಸಿಪ್ಪೆ ಸುರುಟಿಕೊಳ್ಳುತ್ತದೆ, ಬೀಜವನ್ನು ಬಿಸಿನೀರಿನಲ್ಲಿ ನೆನೆಸಿದರೆ ಸೂಜಿ ಸಲೀಸಾಗಿ ಇಳಿಯುತ್ತದೆ ಎಂದು ಅಜ್ಜಿ ಹೇಳಿಕೊಟ್ಟಿದ್ದಳು. ಶುಕ್ರವಾರ ಶಾಲೆಯಲ್ಲಿ ಮಕ್ಕಳ ಒಡವೆಗಳ ಪ್ರದರ್ಶನ. ಅಂಗಡಿಯ ಮಣಿ ತರುವಂತಿಲ್ಲ. ಗಿಡ, ಮರ, ಅಡುಗೆಮನೆ ಏನು ಕೊಡುತ್ತದೋ ಅದರಲ್ಲೇ ಮಾಡಬೇಕು. ಮಾಡಿದ್ದನ್ನು ಅಲ್ಲೇ, ಎಲ್ಲರ ಮುಂದೆ, ತಮಗಿಷ್ಟವಾದವರಿಗೆ ತೊಡಿಸಬೇಕು.

ಮಗಳಿಗೆ ಮನೆಯಲ್ಲಿ ಬಟಾಣಿ ಎಂದೇ ಹೆಸರು. ಹುಟ್ಟಿದಾಗ ಅಷ್ಟೇ ಇದ್ದಳಂತೆ. ಈಗ ಮೂರನೇ ತರಗತಿಗೆ ಬಂದರೂ ಆ ಹೆಸರು ಬಿಟ್ಟಿಲ್ಲ. ಅವಳು ನಾಲ್ಕು ಬೀಜ ಪೋಣಿಸುವುದು, ಎದ್ದು ಅಮ್ಮನ ಬಳಿ ಓಡುವುದು, ದಾರ ಎತ್ತಿ ಹಿಡಿದು ಕೇಳುವುದು:

"ಅಮ್ಮ, ಬಿಚ್ಚಬೇಕಾ?"

"ಬಿಚ್ಚು. ಆ ಬೀಜದ ಮುಖ ಆಕಡೆ ಇದೆ, ಇದರ ಮುಖ ಈಕಡೆ ಇದೆ. ಮತ್ತೆ ಹಾಕು."

ಈ "ಬಿಚ್ಚು, ಮತ್ತೆ ಹಾಕು" ಆ ಮನೆಯಲ್ಲಿ ದಿನಕ್ಕೆಷ್ಟು ಸಲ ಕೇಳುತ್ತದೋ ಲೆಕ್ಕವಿಲ್ಲ. ಟೈಲರಮ್ಮನ ಕೈಯಲ್ಲಿ ಯಾವಾಗಲೂ ಹೊಲಿಗೆ ಬಿಚ್ಚಲು ಅರ್ಧ ಬ್ಲೇಡು ಇದ್ದೇ ಇರುತ್ತಿತ್ತು. ಮಗಳು ಮಡಚಿದ ಟವೆಲ್ ಬಿಚ್ಚಿ ಮತ್ತೆ ಮಡಚುವಳು, ಮಗಳು ಹೆಣೆದುಕೊಂಡ ಜಡೆ ಬಿಚ್ಚಿ ಮತ್ತೆ ಹೆಣೆಯುವಳು. ಬಸ್ ಡ್ರೈವರಾದ ಗಂಡ, "ಪುಣ್ಯಕ್ಕೆ ನನ್ನ ಬಸ್ಸಿಗೆ ಹೊಲಿಗೆ ಇಲ್ಲ" ಎಂದು ನಗುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಈ ತಾಯಿಗೆ ಮಗಳು ಮುದ್ದೇ, ಪ್ರಾಣವೇ. ಆದರೆ ಮಗಳ ಕೈ ಮಾಡಿದ್ದು ಯಾವುದೂ ಮುದ್ದಾಗಿ ಕಾಣುತ್ತಿರಲಿಲ್ಲ. ಹಾಗಾಗಿ ಬಟಾಣಿ ಈಚೆಗೆ ಚಿತ್ರ ಬರೆಯುವುದು ಬಿಟ್ಟಿದ್ದಳು, ಕಾಗದದ ದೋಣಿ ಬಿಟ್ಟಿದ್ದಳು. ಈ ಸರ ಒಂದನ್ನು ಮಾತ್ರ ಹಟ ಹಿಡಿದು ಮಾಡುತ್ತಿದ್ದಳು, ಅಜ್ಜಿ ಜೊತೆಗಿದ್ದಳಲ್ಲ, ಆ ಧೈರ್ಯದ ಮೇಲೆ.

ಅಜ್ಜಿಯೂ ಒಂದು ಕಾಲಕ್ಕೆ ಇದೇ ಯಂತ್ರ ತುಳಿದವಳು, ಟೈಲರಮ್ಮನಿಗೆ ಈ ಕೆಲಸ ಕಲಿಸಿದವಳು. ಈಗ ಕಣ್ಣು ಮಂಜಾಗಿತ್ತು, ಬೆರಳು ನಡುಗುತ್ತಿತ್ತು. ಅವಳು ಪೋಣಿಸಿದ ಸರ ಮೊಮ್ಮಗಳದ್ದಕ್ಕಿಂತ ಸೊಟ್ಟಗಿರುತ್ತಿತ್ತು. ಅದನ್ನು ನೋಡಿ ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಮೇಷ್ಟ್ರು ಅತ್ತ ತಿರುಗಿದಾಗ ಹಿಂದಿನ ಬೆಂಚಿನವರು ನಗುವ ಹಾಗೆ.

ಗುರುವಾರದ ಹೊತ್ತಿಗೆ ಬಟಾಣಿಯ ಸರ ಮುಗಿಯಿತು. ಕೊನೆಗೆ ಅವಳು ಏನೂ ಕೇಳದೆ, ಬಾಗಿಲ ಪಕ್ಕದ ಮೊಳೆಗೆ ಅದನ್ನು ತೂಗುಹಾಕಿ ಮಲಗಿದಳು.

ಬೆಳಿಗ್ಗೆ ಮಗಳು ಸ್ನಾನಕ್ಕೆ ಹೋದಾಗ ಟೈಲರಮ್ಮ ಸರವನ್ನು ಬೆಳಕಿಗೆ ಹಿಡಿದಳು. ಗಂಟು ಕಡಲೆಕಾಳಿನಷ್ಟು ದಪ್ಪ. ಕುಂಬಳ ಬೀಜ ಒಂದು ಮೇಲೆ ನೋಡಿದರೆ ಇನ್ನೊಂದು ಕೆಳಗೆ. ಕಿತ್ತಳೆಯ ಬಿಲ್ಲೆಗಳನ್ನು ಸರದುದ್ದಕ್ಕೂ ಹಂಚುವುದು ಬಿಟ್ಟು ಎಲ್ಲವನ್ನೂ ಗಂಟಿನ ಹತ್ತಿರ ಒಂದೇ ಕಡೆ ತುರುಕಿಬಿಟ್ಟಿದ್ದಾಳೆ. ತನ್ನ ಗಿರಾಕಿಗಳ ಮಕ್ಕಳೆಲ್ಲ ಅದೇ ಶಾಲೆಯಲ್ಲಿದ್ದಾರೆ. ಟೈಲರಮ್ಮನ ಕೈ ಬ್ಲೇಡಿಗೆ ಹೋಯಿತು.

ದಾರ ಕತ್ತರಿಸಿದ ಟಕ್ ಸದ್ದು ಅಜ್ಜಿಯ ಕಿವಿಗೆ ಬಿತ್ತು. ಕಣ್ಣು ಮಂಜಾದರೂ ಆ ಸದ್ದನ್ನು ಅವಳು ಮರೆಯುವವಳಲ್ಲ.

"ಏನೇ ಬಿಚ್ಚಿದೆ?"

"ಸರ. ಸ್ವಲ್ಪ ಸರಿ ಮಾಡಿ ಕೊಡ್ತೀನಿ."

"ಮಗು ಮಾಡಿದ್ದು ಕಣೇ ಅದು."

"ಮಗು ಮಾಡಿದ್ದು ಅಂತ ಸುಮ್ಮನಿದ್ರೆ ಆಗುತ್ತಾ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ? ನಾಳೆ ಊರವರು ಇವಳನ್ನ ನೋಡಿ ನಗೋದಕ್ಕಿಂತ ಇವತ್ತು ನಾನು ತಿದ್ದೋದು ಮೇಲಲ್ವಾ? ಅಮ್ಮ, ನೀನು ನನ್ನ ಕೈಲಿ ಒಂದೊಂದು ಕಾಲರ್ ಎಷ್ಟು ಸಲ ಬಿಚ್ಚಿಸಿದೀಯ, ನೆನಪಿದೆಯಾ? ಅದಕ್ಕೇ ಇವತ್ತು ಈ ಮನೆ ಒಲೆ ಉರೀತಿದೆ."

ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

"ಒಲೆ ಉರೀತು, ಇಲ್ಲ ಅನ್ನಲ್ಲ. ಆದ್ರೆ ಊರಿಗೆಲ್ಲ ಹೊಲೀತೀಯಲ್ಲ, ನಿನಗೆ ಅಂತ ಒಂದು ಬಟ್ಟೆ ಹೊಲಿದು, ಚೆನ್ನಾಗಿದೆ ಅಂತ ಹಾಕ್ಕೊಂಡಿದ್ದು ನಾನು ನೋಡಿಲ್ಲ. ಗಿಡ ಬಗ್ಗಿಸೋದು ಬೇರೆ ಮಗಳೇ, ದಿನಾ ಕಿತ್ತು ಕಿತ್ತು ನೆಡೋದು ಬೇರೆ."

ಟೈಲರಮ್ಮನ ಬೆರಳು ಆಗಲೇ ಓಡುತ್ತಿತ್ತು. ದೊಡ್ಡ ಬೀಜ ನಡುವಿಗೆ, ಚಿಕ್ಕವು ಅಕ್ಕಪಕ್ಕಕ್ಕೆ, ಐದು ಬೀಜಕ್ಕೊಂದು ಬಿಲ್ಲೆ, ಗಂಟು ಎಲ್ಲಿದೆ ಎಂದು ಹುಡುಕಿದರೂ ಸಿಗದು. ಬಟಾಣಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿಡುವಂಥ ಸರ ಸಿದ್ಧವಾಗಿತ್ತು.

ಮಗಳು ಅದನ್ನು ನೋಡಿದಳು. ಖಾಲಿ ಮೊಳೆಯನ್ನೂ ನೋಡಿದಳು. ಅಳಲಿಲ್ಲ, ರಂಪ ಮಾಡಲಿಲ್ಲ.

"ಚೆನ್ನಾಗಿದೆ ಅಮ್ಮ" ಎಂದು ಚೀಲಕ್ಕೆ ಹಾಕಿಕೊಂಡಳು.

ಮಧ್ಯಾಹ್ನ ಟೈಲರಮ್ಮ ಅಂಗಡಿಗೆ ಬೀಗ ಹಾಕಿ ಶಾಲೆಗೆ ಹೋದಳು. ಅಲ್ಲಿ ಸಂತೆಯಂಥ ಗದ್ದಲ. ಪೋಸ್ಟ್‌ಮ್ಯಾನ್ ಒಬ್ಬರು ಯೂನಿಫಾರಂ ಮೇಲೆಯೇ ಮಗ ಹೆಣೆದ ಹುಲ್ಲಿನ ಹಾರ ಹಾಕಿಕೊಂಡು, ಕಿವಿಗೆ ಒಣ ಎಲೆಯ ಲೋಲಾಕು ಸಿಕ್ಕಿಸಿಕೊಂಡು ರಾಜನ ಹಾಗೆ ಓಡಾಡುತ್ತಿದ್ದರು. ಒಬ್ಬ ಹುಡುಗಿಯ ಮೊಟ್ಟೆ ಚಿಪ್ಪಿನ ಬಳೆ ತೊಡಿಸುವಾಗಲೇ ಪುಡಿಯಾಯಿತು. ಅವಳ ಅಜ್ಜ ಆ ಚೂರುಗಳನ್ನು ಬಿಡದೆ ಕರವಸ್ತ್ರದಲ್ಲಿ ಕಟ್ಟಿಕೊಂಡರು. ಸೊಟ್ಟಗಿಲ್ಲದ ಒಡವೆ ಆ ಕೋಣೆಯಲ್ಲಿ ಒಂದೇ ಒಂದಿತ್ತು. ಅದು ಬಟಾಣಿಯ ಮುಂದೆ ಮೇಜಿನ ಮೇಲೆ ಮಲಗಿತ್ತು.

ಟೈಲರಮ್ಮನ ಬಳಿ ಬಟ್ಟೆ ಹೊಲಿಸುವ ಬ್ಯಾಂಕಿನ ಮೇಡಂ ಅದನ್ನು ನೋಡಿ ನಿಂತರು.

"ಅಬ್ಬಾ, ಎಷ್ಟು ಚೆನ್ನಾಗಿ ಮಾಡಿದೀಯ ಮರಿ! ಅಮ್ಮನ ಕೈಯೇ ಬಂದಿದೆ ನಿನಗೆ."

"ನನ್ನ ಕೈ ಅಲ್ಲ ಆಂಟಿ, ಅಮ್ಮಂದೇ ಕೈ" ಎಂದಳು ಬಟಾಣಿ. ದೂರಿನ ದನಿಯಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವ ದನಿ. "ನಂದು ಸೊಟ್ಟ ಕೈ."

ಟೈಲರಮ್ಮನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಟೀಚರ್ ಚಪ್ಪಾಳೆ ತಟ್ಟಿ, ಇನ್ನೂ ತೊಡಿಸದೆ ಉಳಿದವರು ತೊಡಿಸಿ ಎಂದರು. ಮಕ್ಕಳೆಲ್ಲ ಓಡಿದರು. ಬಟಾಣಿ ನಿಂತಲ್ಲೇ ನಿಂತಿದ್ದಳು.

ಟೈಲರಮ್ಮ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು: "ಯಾಕೆ ಪುಟ್ಟಾ, ಯಾರಿಗೆ ಅಂತ ಮಾಡಿದ್ದೆ?"

"ನಿನಗೇ."

"ಮತ್ತೆ ಹಾಕು ಬಾ."

ಬಟಾಣಿ ಸರ ನೋಡಿದಳು, ಅಮ್ಮನ ಮುಖ ನೋಡಿದಳು.

"ಇದು ನೀನೇ ಮಾಡಿದ್ದಲ್ವಾ ಅಮ್ಮ? ನಿಂದನ್ನೇ ನಿನಗೆ ಹೇಗೆ ಕೊಡ್ಲಿ?"

ಕೊನೆಗೆ ಟೈಲರಮ್ಮ ತಾನೇ ಸರವನ್ನು ಎತ್ತಿ ಕೊರಳಿಗೆ ಹಾಕಿಕೊಂಡಳು. ಅಷ್ಟು ಜನರ ನಡುವೆ ಒಡವೆಯನ್ನು ತಾನೇ ತೊಟ್ಟುಕೊಂಡವಳು ಅವಳೊಬ್ಬಳೇ.

ಮನೆಗೆ ಬಂದ ಮೇಲೂ ಅದನ್ನು ತೆಗೆಯಲಿಲ್ಲ. ತೆಗೆದರೆ ಮಗಳು ನೊಂದಾಳು ಎಂದು ಹಾಗೆಯೇ ಯಂತ್ರದ ಮುಂದೆ ಕೂತಳು. ಬಗ್ಗಿ ಒಂದು ತೋಳೂ ಹೊಲಿದಿರಲಿಲ್ಲ, ಅಷ್ಟರಲ್ಲಿ ಕುಂಬಳ ಬೀಜದ ಚೂಪು ತುದಿ ಕತ್ತಿನ ಹಿಂದೆ ಚುಚ್ಚಿತು. ಸರಿಸಿಕೊಂಡಳು. ಇನ್ನೊಂದು ಚುಚ್ಚಿತು. ವರ್ಷಗಟ್ಟಲೆ ಬಗ್ಗಿ ಬಗ್ಗಿ ಮೊದಲೇ ನೋಯುವ ಕತ್ತು ಅದು.

"ಥೂ, ಚುಚ್ಚುತ್ತೆ ಇದು."

"ಚುಚ್ಚಲೇಬೇಕು" ಎಂದಳು ಚಾಪೆಯ ಮೇಲಿದ್ದ ಅಜ್ಜಿ. "ಅದಕ್ಕೇ ತಾನೆ ಆ ಮಗು ನುಣ್ಣನೆಯ ಬಿಲ್ಲೆಗಳನ್ನೆಲ್ಲ ಹಿಂದಕ್ಕೆ ಕೂರಿಸಿದ್ದು. ಅಮ್ಮಂಗೆ ಕತ್ತು ನೋಯುತ್ತೆ ಅಜ್ಜಿ, ಅಲ್ಲಿ ಬೀಜ ಬೇಡ ಅಂತು."

ಯಂತ್ರ ನಿಂತಿತು. ಟೈಲರಮ್ಮ ಕತ್ತಿನ ಮೇಲೆ ಕೈ ಇಟ್ಟುಕೊಂಡಳು. ಅವಳ ಕಣ್ಣು ತುಂಬಿ ಬಂತು. ಎಷ್ಟೋ ಮೈಗಳ ಅಳತೆ ತೆಗೆದವಳು ಅವಳು. ತನ್ನ ಅಳತೆಯನ್ನು ಮಗಳು ತೆಗೆದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

"ನೀನಾದ್ರೂ ಬೆಳಿಗ್ಗೆನೇ ಹೇಳಬಾರದಿತ್ತಾ ಅಮ್ಮ?"

"ಬಿಚ್ಚಿ ಆಗಿತ್ತಲ್ಲೇ" ಎಂದಳು ಅಜ್ಜಿ. "ಬಿಚ್ಚೋದು ಕಲಿಸಿದವಳು ನಾನೇ, ಬಾಯಿ ಬರಲಿಲ್ಲ."

ಸಂಜೆ ಟೈಲರಮ್ಮ ಮಗಳನ್ನು ಕರೆದು, "ಬಾ ಪುಟ್ಟಾ, ನಿನಗೆ ಬೇಕಾದ ಹಾಗೆ ಇನ್ನೊಂದು ಮಾಡು" ಎಂದಳು.

"ಬೇಡಮ್ಮ. ನೀನೇ ಮಾಡು, ನಿನಗೆ ಚೆನ್ನಾಗಿ ಬರುತ್ತೆ" ಎಂದು ಬಟಾಣಿ ಆಚೆ ಹೋದಳು. ಆಮೇಲಿನ ದಿನಗಳಲ್ಲಿ ಅವಳು ಬೀಜದ ತಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ಅಜ್ಜಿ ಒಬ್ಬಳೇ ತಡವಿ ತಡವಿ ಪೋಣಿಸುತ್ತಿದ್ದಳು. ಹೇಳಿದ ಮಾತಿಗೆಲ್ಲ ತಲೆಯಾಡಿಸುವ, ಯಾವುದಕ್ಕೂ ಕೈ ಹಾಕದ ಆ ಶಾಂತ ಮಗುವನ್ನು ನೋಡಿದರೆ ಟೈಲರಮ್ಮನಿಗೆ ಹೆದರಿಕೆಯಾಗುತ್ತಿತ್ತು.

ಒಂದು ದಿನ ಊಟದ ಹೊತ್ತಿಗೆ ಅವಳು ಯಂತ್ರ ಬಿಟ್ಟು ಚಾಪೆಯ ಮೇಲೆ ಬಂದು ಕೂತಳು. "ಹೇಗಮ್ಮ ಮಾಡೋದು ಇದನ್ನ?"

ಅಜ್ಜಿ ಹೇಳಿಕೊಟ್ಟಳು. ಟೈಲರಮ್ಮ ಹೊಸದಾಗಿ ಕಿತ್ತಳೆ ಸಿಪ್ಪೆ ಕತ್ತರಿಸಿ, ಹಸಿ ಇರುವಾಗಲೇ ಪೋಣಿಸಲು ಹೊರಟಳು.

"ಒಣಗಲಿ ತಾಳೇ."

"ಅಷ್ಟಕ್ಕೆಲ್ಲ ಯಾರು ಕಾಯ್ತಾರೆ? ಕಟ್ಟಿದ ಮೇಲೆ ಒಣಗುತ್ತೆ ಬಿಡು."

ಕಟ್ಟಿ ಕಿಟಕಿಯ ಬಿಸಿಲಿಗೆ ತೂಗುಹಾಕಿದಾಗ ಸರ ಗೆರೆ ಎಳೆದ ಹಾಗಿತ್ತು. ಮಾರನೆಯ ದಿನ ನೋಡಿದರೆ ಬಿಲ್ಲೆಗಳೆಲ್ಲ ಸುರುಟಿಕೊಂಡು, ಒಂದು ಪೂರ್ವಕ್ಕೆ ಮುಖ ಮಾಡಿದರೆ ಇನ್ನೊಂದು ಪಶ್ಚಿಮಕ್ಕೆ. ಸಿಪ್ಪೆ ಮುದುಡಿ ದಾರ ಸಡಿಲಾಗಿ, ಒಳಗೆ ಅಡಗಿಸಿದ್ದ ಗಂಟು ಹೊರಗೆ ಇಣುಕುತ್ತಿತ್ತು. ಟೈಲರಮ್ಮನ ಕೈ ತಾನಾಗಿ ಬ್ಲೇಡಿಗೆ ಹೋಯಿತು. ದಾರದ ತನಕ ಬಂದು ನಿಂತಿತು. ಬ್ಲೇಡನ್ನು ಡ್ರಾಯರಿನೊಳಗಿಟ್ಟು, ಮಗಳು ಶಾಲೆಯಿಂದ ಬರುವುದನ್ನೇ ಕಾದಳು.

ಬಟಾಣಿ ಚೀಲ ಇಳಿಸುತ್ತಿದ್ದ ಹಾಗೆ ಟೈಲರಮ್ಮ ಸರವನ್ನು ಅವಳ ಮುಂದೆ ಎತ್ತಿ ಹಿಡಿದಳು.

"ನಿನಗೆ ಅಂತ ಮಾಡಿದೆ. ಬಿಚ್ಚಬೇಕಾ?"

ಮಗಳು ಚಕಿತಳಾಗಿ ನೋಡಿದಳು. ಆಮೇಲೆ ಸರವನ್ನು ಕಿಟಕಿಯ ಬೆಳಕಿಗೆ ಒಯ್ದು, ಹುಬ್ಬು ಗಂಟಿಕ್ಕಿ, ಥೇಟ್ ಅಮ್ಮನ ಹಾಗೆಯೇ ತಿರುಗಿಸಿ ತಿರುಗಿಸಿ ಪರೀಕ್ಷಿಸಿದಳು.

"ಗಂಟು ಕಾಣ್ತಿದೆ."

"ಹೌದು."

"ಬಿಲ್ಲೆ ಎಲ್ಲ ಸುರುಟಿಕೊಂಡಿದೆ."

"ಅಜ್ಜಿ ಮಾತು ಕೇಳಲಿಲ್ಲ."

ಬಟಾಣಿ ದಾರವನ್ನು ಎಳೆದು ನೋಡಿದಳು. ಬಿಚ್ಚು ಎಂದುಬಿಟ್ಟರೆ ಎಂದು ಟೈಲರಮ್ಮನಿಗೆ ನಿಜವಾಗಿಯೂ ಭಯವಾಯಿತು. ಇಂಥ ಭಯವನ್ನು ಈ ಮಗು ದಿನವೂ ನುಂಗುತ್ತಿತ್ತೇ ಎಂದುಕೊಂಡಳು.

"ಬೇಡ" ಎಂದಳು ಬಟಾಣಿ. "ಸೊಟ್ಟ ಇದೆ, ಆದ್ರೂ ಇರಲಿ ಬಿಡು. ನನಗೇ ತಾನೆ ಮಾಡಿದ್ದು? ಹಾಕು."

ಸರ ಕೊರಳಿಗೆ ಬಿದ್ದ ಮೇಲೆ ಅವಳು ಕನ್ನಡಿ ನೋಡಿಕೊಂಡು ಬಂದಳು. ಬಂದವಳು ಚಾಪೆಯ ಮೇಲೆ ಅಜ್ಜಿಗೆ ಒತ್ತಿಕೊಂಡು ಕೂತು, ಇಸ್ತ್ರಿ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಸರಿಸಿ, ಅಡಿಯಲ್ಲಿ ಒಣಗಿ ಚಪ್ಪಟೆಯಾಗಿದ್ದ ಬಿಲ್ಲೆಗಳನ್ನು ಆರಿಸತೊಡಗಿದಳು.

ಟೈಲರಮ್ಮ ಯಂತ್ರಕ್ಕೆ ಮುಖ ಮಾಡಿ ಕೂತಳು. ತಿರುಗಿ ನೋಡಿದರೆ ಮತ್ತೆ ಎಲ್ಲಿ ನಾಲಿಗೆ ಜಾರುತ್ತದೋ ಎಂದು ಹೆದರಿ, ಇಲ್ಲದ ಕೆಲಸ ಹುಡುಕಿ ಗುಂಡಿ ಹೊಲಿದಳು. ಹಿಂದೆ ಬೀಜ ಉರುಳುವ ಸದ್ದು, ಅಜ್ಜಿ ಮೊಮ್ಮಗಳ ಪಿಸುಮಾತು, ಕಿಸಕ್ಕನೆ ನಗು. ಮಗಳು ಎದ್ದು ಬಂದು ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದು ಕಾದಳು.

ಬಟಾಣಿ ಬಂದಳು. ಏನೂ ಕೇಳಲಿಲ್ಲ.

"ಬಗ್ಗಮ್ಮ" ಎಂದಳು.

ಟೈಲರಮ್ಮ ಬಗ್ಗಿದಳು. ಸರ ಕೊರಳಿಗಿಳಿಯಿತು. ಅಜ್ಜಿ ಎದ್ದು ಬಂದು ಬೆರಳಿನಿಂದ ಒಂದೊಂದೇ ಬೀಜ ಮುಟ್ಟಿ ನೋಡಿದಳು.

"ಸೊಟ್ಟ ಇದೆಯೇನೇ?"

"ಹೂಂ ಅಮ್ಮ. ತುಂಬಾ ಚೆನ್ನಾಗಿ ಸೊಟ್ಟ ಇದೆ."

ಹೊರಗೆ ಬ್ಯಾಂಕಿನ ಮೇಡಂ ಬಟ್ಟೆಗಾಗಿ ಕೂಗಿದರು. "ಐದು ನಿಮಿಷ ಮೇಡಂ, ಇದೊಂದು ಅಂಚು ಬಾಕಿ" ಎಂದು ಟೈಲರಮ್ಮ ಯಂತ್ರದ ಮೇಲೆ ಬಗ್ಗಿದಳು. ಅಂಚು ಮುಗಿಯುವ ತನಕ ಕತ್ತಿಗೆ ಎಲ್ಲೂ ಚುಚ್ಚಲಿಲ್ಲ.